ಇಂಟೇಕಿನ ಬಾಯಿ ಎಲ್ಲಿರಬೇಕು?

ಕಾರಿಗೆ ಬೇರೆ ಏರ್ ಇಂಟೇಕ್ (ಇಂಜಿನ್ನಿಗೆ ಗಾಳಿ ಒಯ್ಯುವ ಪೈಪು ಮತ್ತು ಫಿಲ್ಟರ್) ಹಾಕಿಸಲು ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ಬರುವವರು ಸಾಮಾನ್ಯವಾಗಿ ಫಿಲ್ಟರಿನ ಬ್ರ್ಯಾಂಡ್ ಯಾವುದು, ಎಷ್ಟು ಪವರ್ ಹೆಚ್ಚುತ್ತದೆ ಎಂದು ವಿಚಾರಿಸುತ್ತಾರೆ. ಆದರೆ ಮಲೆನಾಡಿನಲ್ಲಿ ಓಡುವ ಕಾರಿಗೆ ಇವೆರಡಕ್ಕಿಂತ ಮುಖ್ಯವಾದದ್ದು ಇಂಟೇಕಿನ ಬಾಯಿ ಎಷ್ಟು ಎತ್ತರದಲ್ಲಿದೆ, ಎಲ್ಲಿಂದ ಗಾಳಿ ಎಳೆಯುತ್ತದೆ ಎಂಬುದು ಎಂದು ಈ ಕೆಲಸ ನನಗೆ ಕಲಿಸಿದೆ.

ಗಾಳಿಯ ಉಷ್ಣತೆ ಸುಮಾರು 3 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಸಾಂದ್ರತೆ ಶೇ. 1ರಷ್ಟು ಇಳಿಯುತ್ತದೆ; ಅಂದರೆ ಇಂಜಿನ್ನಿಗೆ ಸಿಗುವ ಆಮ್ಲಜನಕವೂ ಅಷ್ಟು ಕಡಿಮೆ. ಬಾನೆಟ್ಟಿನೊಳಗೆ ತೆರೆದೇ ಇರುವ ಕೋನ್ ಫಿಲ್ಟರ್ ಇಂಜಿನ್ನಿನ ಬಿಸಿಗಾಳಿಯನ್ನೇ ಸೇವಿಸುವುದರಿಂದ, ಹುಲಿಕಲ್ ಘಾಟಿಯನ್ನು ಎರಡನೇ ಗೇರಿನಲ್ಲಿ ನಿಧಾನವಾಗಿ ಹತ್ತುವಾಗ ಶಬ್ದ ಜೋರಾಗುತ್ತದೆಯೇ ಹೊರತು ಎಳೆತ ಹೆಚ್ಚುವುದಿಲ್ಲ. ಬಂಪರಿನ ಹಿಂದೆ ಕೆಳಗೆ ಫಿಲ್ಟರ್ ಕೂರಿಸುವ ಕೋಲ್ಡ್ ಏರ್ ಇಂಟೇಕ್ ತಂಪು ಗಾಳಿಯನ್ನು ಕೊಡುತ್ತದೆ, ನಿಜ; ಒಣ ಸೀಮೆಯಲ್ಲಿ ಅದು ಒಳ್ಳೆಯ ಆಯ್ಕೆಯೇ. ಆದರೆ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ಕಡೆಗೆ ಜುಲೈ ತಿಂಗಳಿನಲ್ಲಿ ಹೋಗಬೇಕಾದ ಕಾರಿಗೆ, ಮೋರಿಯ ಮೇಲೆ ನಿಂತ ನೀರಿನಲ್ಲಿ ಆ ಫಿಲ್ಟರ್ ಒಮ್ಮೆ ಮುಳುಗಿದರೂ ಸಾಕು, ನೀರು ಸಿಲಿಂಡರ್ ಸೇರುತ್ತದೆ. ನೀರು ಗಾಳಿಯಂತೆ ಸಂಕುಚಿತವಾಗದ ಕಾರಣ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಫಿಲ್ಟರಿಗೆ ಹೊದಿಸುವ ಬಟ್ಟೆ ಚಿಮ್ಮುವ ನೀರನ್ನು ತಡೆದೀತು, ಮುಳುಗುವುದನ್ನಲ್ಲ. ಹಾಗೆ ನೀರಿನಲ್ಲಿ ಇಂಜಿನ್ ನಿಂತರೆ ದಯವಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಬನ್ನಿ.

ಆದ್ದರಿಂದ, ಸಾಮಾನ್ಯವಾಗಿ ಎತ್ತರದಿಂದ ಹೊರಗಿನ ಗಾಳಿ ಎಳೆಯುವ ಕಂಪನಿಯ ಏರ್ ಬಾಕ್ಸನ್ನೇ (ಫಿಲ್ಟರ್ ಕೂರುವ ಮುಚ್ಚಿದ ಪೆಟ್ಟಿಗೆ) ಉಳಿಸಿಕೊಂಡು, ಅದರೊಳಗೆ ಸರಿಯಾಗಿ ಕೂರುವ ಚಪ್ಪಟೆಯ ಪ್ಯಾನೆಲ್ ಫಿಲ್ಟರ್ ಬದಲಿಸುವುದನ್ನು ನಾನು ಹೆಚ್ಚಿನವರಿಗೆ ಸೂಚಿಸುತ್ತೇನೆ. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಇಂಜಿನ್ನಿನಲ್ಲಿ ಇಂಟೇಕ್ ಒಂದರಿಂದಲೇ ಸಿಗುವ ಲಾಭ ಅತ್ಯಲ್ಪವೆಂದು ಮೊದಲೇ ಹೇಳಿಬಿಡುವುದು ನ್ಯಾಯ.

ಪೂರ್ತಿ ಕಿಟ್ ಬೇಕೆಂದೇ ನಿರ್ಧರಿಸಿದವರಿಗೆ, ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೂರುವ ಜಾಗದಲ್ಲಿ ಪೈಪಿನ ಒಳವ್ಯಾಸ ಮೂಲ ಪೈಪಿನಷ್ಟೇ ಇದೆಯೇ ಎಂದು ಅಳೆದು ನೋಡದೆ ನಾನು ಕೆಲಸಕ್ಕೆ ಕೈಹಾಕುವುದಿಲ್ಲ. ವ್ಯಾಸ ಬದಲಾದರೆ ಒಳಹೋಗುವ ಗಾಳಿಯ ಪ್ರಮಾಣವನ್ನು ಇಸಿಯು (ಇಂಜಿನ್ನಿನ ಕಂಪ್ಯೂಟರ್) ತಪ್ಪಾಗಿ ಲೆಕ್ಕ ಹಾಕುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಸೆನ್ಸರಿನ ಮೇಲಿನ ಬಾಣ ಇಂಜಿನ್ನಿನ ಕಡೆಗೆ ಇರುವಂತೆ ಜೋಡಿಸಿ, ಇಂಜಿನ್ನಿನೊಳಗಿನ ಆವಿಯನ್ನು ಇಂಟೇಕಿಗೆ ತರುವ ಬ್ರೀದರ್ ಹೋಸನ್ನು ಮರೆಯದೆ ಹಾಕಬೇಕು. ಸೆನ್ಸರಿನ ನಂತರ ಯಾವ ಕ್ಲಾಂಪ್ ಸಡಿಲವಿದ್ದರೂ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ, ಇಂಧನ ಸಾಲದೆ, ಪಿ0171 ಎಂಬ ದೋಷದ ಕೋಡಿನೊಂದಿಗೆ ಚೆಕ್ ಇಂಜಿನ್ ದೀಪ ಉರಿಯಬಹುದು. ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ತನ್ನ ಮೌಂಟಿಂಗಿನ ಮೇಲೆ ಅಲುಗುವುದರಿಂದ ಪೈಪು ಎಲ್ಲಿಯೂ ಉಜ್ಜದಷ್ಟು ಜಾಗ ಬಿಡಬೇಕು, ಮತ್ತು ಒಂದು ಸುತ್ತು ಓಡಿಸಿ ಬಂದ ಮೇಲೆ ಕ್ಲಾಂಪುಗಳನ್ನು ಇನ್ನೊಮ್ಮೆ ಬಿಗಿಮಾಡಬೇಕು.

ತೊಳೆದು ಬಳಸುವ ಹತ್ತಿ ಫಿಲ್ಟರಿನ ಬಗ್ಗೆ ನಮ್ಮ ಕಡೆಯವರಿಗೆ ವಿಶೇಷವಾಗಿ ಹೇಳಬೇಕಾದದ್ದಿದೆ. ಮಳೆಗಾಲದಲ್ಲಿ ಅದು ಬೇಗ ಒಣಗುವುದಿಲ್ಲ. ಹಾಗೆಂದು ಬಚ್ಚಲ ಒಲೆಯ ಹತ್ತಿರ ಇಟ್ಟರೆ ಹೊಗೆಯ ಮಸಿ ಹತ್ತಿಗೆ ಅಂಟುತ್ತದೆ, ಕಂಪ್ರೆಸರ್ ಗಾಳಿ ಹೊಡೆದರೆ ಎಳೆಗಳು ಬಿಡುತ್ತವೆ. ಹೀಗಾಗಿ ಮೇ ತಿಂಗಳೊಳಗೆ, ಕಾಡುರಸ್ತೆಯ ಕೆಂಪು ಧೂಳು ತುಂಬಿರುವಾಗಲೇ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಿ. ಫಿಲ್ಟರಿಗೆಂದೇ ಇರುವ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಹತ್ತಿಯೊಳಗೆ ಅದು ಸಮನಾಗಿ ಹರಡುವವರೆಗೆ ಕಾಯಿರಿ. ಹೆಚ್ಚಾದ ಎಣ್ಣೆ ಸೆನ್ಸರಿನ ಬಿಸಿ ತಂತಿಗೆ ಮೆತ್ತಿಕೊಳ್ಳುತ್ತದೆ.

ಬಿಚ್ಚಿದ ಮೂಲ ಏರ್ ಬಾಕ್ಸನ್ನು ಗುಜರಿಗೆ ಹಾಕಲು ನಾನು ಬಿಡುವುದಿಲ್ಲ. ವಾಹನದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮಿತಿ ಹಾಕಿದೆ, ವಾರಂಟಿಯ ಪ್ರಶ್ನೆಯೂ ಬರಬಹುದು; ಬೋಲ್ಟು, ರಬ್ಬರ್ ಬುಷ್‌ಗಳ ಸಮೇತ ಡಬ್ಬಿಗೆ ಹಾಕಿ ಮಾಲೀಕರ ಕೈಗೇ ಕೊಡುತ್ತೇನೆ.