ದುಬೈ ಕೌನ್ಸಿಲರ್

ಗದಗಿನ ಸಬ್‌ರಜಿಸ್ಟ್ರಾರ್ ಆಫೀಸಿನ ಹತ್ತಿರ ಟೇಬಲ್ ಹಾಕಿಕೊಂಡು ಪತ್ರ ಬರೆಯುವವನು ನಾನು. ಜನ ಬಾಂಡ್ ರೈಟರ್ ಅಂತಾರೆ. ಖರೀದಿ ಪತ್ರ, ವಾಟ್ನಿ ಪತ್ರ, ಮೃತ್ಯುಪತ್ರ ಎಲ್ಲ ಬರೆದಿದ್ದೇನೆ. ಒಂದು ಅಕ್ಷರ ತಪ್ಪಿದರೆ ಎಷ್ಟು ಅಲೆದಾಟ ಅಂತ ಚೆನ್ನಾಗಿ ಗೊತ್ತು. ಆದರೂ ಮೊನ್ನೆ ತಪ್ಪಿದೆ.

ಬೆಟಗೇರಿಯ ಒಬ್ಬ ಆಯಿ ಮನೆ ಮಾರುವುದಿತ್ತು. ಉತಾರದಲ್ಲಿ ಇಬ್ಬರು ಗಂಡುಮಕ್ಕಳ ಹೆಸರು. ದೊಡ್ಡವ ಮಗ್ಗ ಬಿಟ್ಟು ಇಲ್ಲೇ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಸಣ್ಣವ ಶಾರ್ಜಾದಲ್ಲಿ, ರಜೆ ಇಲ್ಲ. ಹಾಗಾಗಿ ಅಣ್ಣನ ಹೆಸರಿಗೆ ವಟಮುಖತ್ಯಾರ ಪತ್ರ, ಅಂದ್ರೆ ಪವರ್ ಆಫ್ ಅಟಾರ್ನಿ ಮಾಡಿ, ದುಬೈನ ಭಾರತೀಯ ಕಾನ್ಸುಲೇಟಿನಲ್ಲಿ ಶಿಕ್ಕಾ ಹಾಕಿಸಿ ಕಳಿಸಿದ. ಖರೀದಿ ಪತ್ರದಲ್ಲಿ ಅದನ್ನು ನಮೂದಿಸುವಾಗ ನಾನು ‘ಭಾರತೀಯ ಕೌನ್ಸಿಲರ್ ಸಮಕ್ಷಮ’ ಅಂತ ಟೈಪ್ ಮಾಡಿಬಿಟ್ಟೆ. ಪಕ್ಕದ ಟೇಬಲ್ಲಿನ ಹಿರಿಯರು ಕರಡು ನೋಡಿ, ಕನ್ನಡಕ ಮೇಲೇರಿಸಿ, “ದುಬೈದಾಗೂ ವಾರ್ಡ್ ಮೆಂಬರ್ ಅದಾರೇನೋ ತಮ್ಮಾ?” ಅಂದರು.

ಕೌನ್ಸಿಲ್ ಅಂದ್ರೆ ಸಭೆ. ಕೌನ್ಸೆಲ್ ಅಂದ್ರೆ ವಕೀಲ. ಇದು ಕಾನ್ಸುಲ್, ಬೇರೆಯೇ. 1908ರ ನೋಂದಣಿ ಕಾಯ್ದೆಯ 33ನೇ ಕಲಮಿನಲ್ಲೇ ಇದೆ: ಪರದೇಶದಲ್ಲಿರುವವರ ವಟಮುಖತ್ಯಾರ ಪತ್ರ ನೋಟರಿ, ಕೋರ್ಟು, ಜಡ್ಜ್, ಮ್ಯಾಜಿಸ್ಟ್ರೇಟ್, ಭಾರತೀಯ ಕಾನ್ಸುಲ್ ಅಥವಾ ವೈಸ್ ಕಾನ್ಸುಲ್, ಇಲ್ಲವೇ ಕೇಂದ್ರ ಸರ್ಕಾರದ ಪ್ರತಿನಿಧಿ ಮುಂದೆ ಆಗಿರಬೇಕು. ಎಷ್ಟು ಸಲ ಓದಿದ್ದೇನೋ. ಈ ಕಾನ್ಸುಲ್ ಯಾರು ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವತ್ತು ರಾತ್ರಿ ಕೂತು ಓದಿದೆ.

ಮೂಲದಲ್ಲಿ ಭಾರೀ ಹುದ್ದೆಯಂತೆ ಇದು. ರೋಮಿನವರು ರಾಜನನ್ನು ಓಡಿಸಿದ ಮೇಲೆ ಕಾನ್ಸುಲ್‌ಗಳನ್ನು ಆರಿಸತೊಡಗಿದರು. ಅವರ ಸಂಪ್ರದಾಯ ಹೇಳುವ ಇಸವಿ ಕ್ರಿ.ಪೂ. 509. ಒಬ್ಬನಲ್ಲ, ಇಬ್ಬರು. ಅದೂ ಒಂದೇ ವರ್ಷಕ್ಕೆ. ಒಬ್ಬ ಮಾಡಹೊರಟಿದ್ದನ್ನು ಇನ್ನೊಬ್ಬ ತಡೆಯಬಹುದಿತ್ತು. ನಮ್ಮ ಜಂಟಿ ಆಸ್ತಿಯ ಹಾಗೆ, ಅಣ್ಣ ಹೂಂ ಅಂದರೂ ತಮ್ಮ ಉಹೂಂ ಅಂದರೆ ಅಲ್ಲಿಗೆ ನಿಂತಿತು.

ನನಗೆ ಬಹಳ ಹಿಡಿಸಿದ್ದು ತಾರೀಖಿನ ಸಂಗತಿ. ರೋಮಿನವರು ಇಸವಿಯನ್ನು ಆ ವರ್ಷದ ಇಬ್ಬರು ಕಾನ್ಸುಲ್‌ಗಳ ಹೆಸರಿನಿಂದ ಕರೆಯುತ್ತಿದ್ದರು. ಇಂಥವ ಮತ್ತು ಇಂಥವ ಕಾನ್ಸುಲ್ ಆಗಿದ್ದಾಗ, ಅಂತ ಬರೆದರೆ ತಾರೀಖು ಮುಗಿಯಿತು. ನಮ್ಮ ಕಡೆಯ ಹಳೇ ಶಾಸನಗಳಲ್ಲೂ ‘ಚಾಳುಕ್ಯ ವಿಕ್ರಮ ವರ್ಷ’ ಅಂತ ಬರುತ್ತದಲ್ಲ, ಆರನೇ ವಿಕ್ರಮಾದಿತ್ಯ 1076ರಿಂದ ಶುರು ಮಾಡಿದ ಲೆಕ್ಕ. ಅದರಲ್ಲಿ ರಾಜ ಒಬ್ಬನೇ, ವರ್ಷ ಎಣಿಸುತ್ತಾ ಹೋದರಾಯಿತು. ರೋಮಿನ ಪತ್ರ ಬರಹಗಾರನಿಗೆ ವರ್ಷ ವರ್ಷ ಹೊಸ ಜೋಡಿ ಹೆಸರು! ಪಾಪ. ಕ್ರಿ.ಪೂ. 59ರಲ್ಲಿ ಜೂಲಿಯಸ್ ಸೀಸರ್ ಜೊತೆ ಬಿಬುಲಸ್ ಅನ್ನುವವನು ಕಾನ್ಸುಲ್ ಆಗಿದ್ದ. ಸೀಸರನ ಮುಂದೆ ಇವನದೇನೂ ನಡೆಯಲಿಲ್ಲ, ಮನೆ ಹಿಡಿದು ಕೂತ. ಊರ ಜನ ಆ ವರ್ಷಕ್ಕೆ ‘ಜೂಲಿಯಸ್ ಮತ್ತು ಸೀಸರ್ ಕಾನ್ಸುಲ್ ಆಗಿದ್ದ ವರ್ಷ’ ಅಂತ ಹೆಸರಿಟ್ಟು ನಕ್ಕರು.

ಚಕ್ರವರ್ತಿಗಳು ಬಂದ ಮೇಲೆ ಹೆಸರು ಉಳಿಯಿತು, ಅಧಿಕಾರ ಹೋಯಿತು. ನೆಪೋಲಿಯನ್ 1799ರಲ್ಲಿ ಮತ್ತೆ ಅದೇ ಹೆಸರು ತಂದು ಮೊದಲ ಕಾನ್ಸುಲ್ ಆದ. ಕಾಗದದ ಮೇಲೆ ಮೂವರು. 1804ಕ್ಕೆ ಚಕ್ರವರ್ತಿ ಒಬ್ಬನೇ.

ಈಗಿನ ಕಾನ್ಸುಲ್ ಬಂದಿದ್ದು ವ್ಯಾಪಾರಿಗಳ ದಾರಿಯಿಂದ. ಮೆಡಿಟರೇನಿಯನ್ ಬಂದರುಗಳಲ್ಲಿ ಪರಊರಿನ ವ್ಯಾಪಾರಿಗಳು ತಮ್ಮ ತಂಟೆ ಬಗೆಹರಿಸಲು ಇಟ್ಟುಕೊಂಡ ಹಿರಿಯನಿಗೂ ಅದೇ ಹೆಸರಿತ್ತು. ಇವತ್ತಿಗೂ ಕೆಲಸ ಹೆಚ್ಚುಕಡಿಮೆ ಹಾಗೇ. ರಾಯಭಾರಿ ಸರ್ಕಾರದ ಜೊತೆ ಮಾತಾಡುತ್ತಾನೆ, ಅಬುಧಾಬಿಯಲ್ಲಿರುತ್ತಾನೆ. ಕಾನ್ಸುಲ್ ಜನರ ಕಡೆಯವನು. ಪಾಸ್‌ಪೋರ್ಟ್ ಕಳೆದರೆ, ಕೂಸು ಹುಟ್ಟಿದರೆ, ಯಾರಾದರೂ ತೀರಿಕೊಂಡರೆ, ಜೈಲಿಗೆ ಬಿದ್ದರೆ ಅವನೇ. ಜೈಲಿನಲ್ಲಿದ್ದವರನ್ನು ಕಾಣುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದ ಕೊಟ್ಟಿದೆ. ಪಾಕಿಸ್ತಾನ ಹಿಡಿದಿಟ್ಟ ಕುಲಭೂಷಣ ಜಾಧವ್ ಪ್ರಕರಣದಲ್ಲಿ 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಎತ್ತಿಹಿಡಿದದ್ದು ಇದನ್ನೇ. ಅದೇ ಒಪ್ಪಂದದಲ್ಲಿ ನೋಟರಿ ಕೆಲಸವೂ ಇದೆ. ಎರಡು ಸಾವಿರ ವರ್ಷದ ಹಿಂದೆ ದಂಡು ನಡೆಸುತ್ತಿದ್ದವನ ಹೆಸರು ಹೊತ್ತವನು ಈಗ ಬೆಟಗೇರಿ ಮನೆಯ ಕಾಗದಕ್ಕೆ ಶಿಕ್ಕಾ ಹಾಕುತ್ತಾನೆ. ನಮ್ಮ ಕಸುಬಿನವನೇ ಅಂತ ಸುಮ್ನೆ ಖುಷಿಯಾಯಿತು.

ಮರುದಿನ ಪತ್ರ ತಿದ್ದಿ, ಆಯಿಗೆ ಓದಿ ಹೇಳಿದೆ. “ಸಮಕ್ಷಮ ಅಂದ್ರ?” ಅಂತ ಕೇಳಿದರು.

“ಎದುರಿಗೆ ಕುಂತು ಸಹಿ ಮಾಡ್ಯಾನ ಅಂತ ಆಯಿ.”

“ಅಂದ್ರ ಆ ಸಾಹೇಬ ನನ್ನ ಮಗನ್ನ ಕಣ್ಣಾರೆ ನೋಡ್ಯಾನ?”

“ಹೂಂ.”

ಕಾಗದ ಕೈಗೆ ತಗೊಂಡು ಶಿಕ್ಕಾದ ಮೇಲೆ ಬೆರಳಾಡಿಸಿದರು. “ಸೊರಗ್ಯಾನೇನಂತ? ಬರದಾನೇನು ನೋಡಪಾ.”