ಗಾಳಿಗೆ ಕಾಯುವ ಮಿಲ್ಲು

ಅಪ್ಪ ಮಿಶಿಗನ್ನಿಗೆ ಬಂದು ಮೂರು ವಾರವಾಗಿತ್ತು. ಏನು ತೋರಿಸಿದರೂ 'ಹೂಂ, ಚೆನ್ನಾಗಿದೆ' ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ ನಾಲ್ಕು ಗಂಟೆ ಓಡಾಡಿಸಿದ್ದಕ್ಕೂ ಅದೇ. ನಯಾಗರ ನೋಡಿ ಮಾತ್ರ 'ನೀರು ಜಾಸ್ತಿ' ಅಂದಿದ್ದರು.

ಹಾಗಾಗಿ ಮೇ ತಿಂಗಳ ಒಂದು ಶನಿವಾರ ಹಾಲೆಂಡ್‌ಗೆ ಹೊರಟಾಗ ನನಗೇನೂ ಆಸೆ ಇರಲಿಲ್ಲ. ಇದು ಯುರೋಪಿನ ಹಾಲೆಂಡ್ ಅಲ್ಲ. ಡೆಟ್ರಾಯ್ಟ್ ಕಡೆಯಿಂದ ಪಶ್ಚಿಮಕ್ಕೆ ಎರಡೂವರೆ ಗಂಟೆ ಕಾರು ಓಡಿಸಿದರೆ, ಮಿಶಿಗನ್ ಸರೋವರದ ದಡದಲ್ಲಿ ಸಿಗುವ ಊರು. ಡಚ್ಚರ ಒಂದು ಗುಂಪು 1847ರಲ್ಲಿ ಬಂದು ಕಟ್ಟಿದ್ದು. ಅವರ ದೇಶದಲ್ಲಿ ಆಗ ಚರ್ಚಿನ ಜಗಳ, ಆಲೂಗಡ್ಡೆ ಬೆಳೆ ಕೈಕೊಟ್ಟ ಕಷ್ಟ. ವಾನ್ ರಾಲ್ಟೆ ಅನ್ನುವ ಪಾದ್ರಿ ಅವರನ್ನು ಕರೆದುಕೊಂಡು ಈ ಕಾಡಿಗೆ ಬಂದರಂತೆ. ದಾರಿಯಲ್ಲಿ ಇದನ್ನೆಲ್ಲ ಹೇಳಿದೆ. ಅಪ್ಪ ನಿದ್ದೆ ಹೋಗಿದ್ದರು.

ಟ್ಯುಲಿಪ್ ಹಬ್ಬದ ಸಮಯ. 1929ರಲ್ಲಿ ಶುರುವಾದದ್ದು. ಊರಿನ ಹೈಸ್ಕೂಲ್ ಟೀಚರ್ ಒಬ್ಬರು ಕೊಟ್ಟ ಸಲಹೆಯಂತೆ ಹಿಂದಿನ ವರ್ಷ ನಗರದವರು ಒಂದು ಲಕ್ಷ ಗೆಡ್ಡೆ ತರಿಸಿ ನೆಟ್ಟಿದ್ದರು. ಈಗ ಬೀದಿಯ ಎರಡೂ ಅಂಚಿಗೆ ಸಾಲಾಗಿ ಹೂವು. ಚಳಿಗಾಲ ಬೇಗ ಮುಗಿದ ವರ್ಷ ಹಬ್ಬ ಬರುವಷ್ಟರಲ್ಲಿ ಹೂವೆಲ್ಲ ಉದುರಿ ಬರೀ ದಂಟು ಉಳಿಯುತ್ತದೆ. ಆಗ ಊರಿನವರೇ ಇದನ್ನು 'ದಂಟಿನ ಹಬ್ಬ' ಅಂತ ಆಡಿಕೊಂಡು ನಗುತ್ತಾರೆ. ನಮಗೆ ಅರ್ಧ ಹೂವು, ಅರ್ಧ ದಂಟು ಸಿಕ್ಕಿತು. ರಸ್ತೆಯಲ್ಲಿ ಹೈಸ್ಕೂಲ್ ಮಕ್ಕಳು ಮರದ ಚಪ್ಪಲಿ ಹಾಕಿಕೊಂಡು ಟಕಟಕ ಕುಣಿಯುತ್ತಿದ್ದರು. ಕಾಲು ನೋಯಬಾರದು ಅಂತ ಒಳಗೆ ಒಂದರ ಮೇಲೊಂದು ಕಾಲುಚೀಲ. ನನ್ನ ಮಗ ಎರಡು ನಿಮಿಷ ನೋಡಿ ಐಸ್‌ಕ್ರೀಮ್ ಕೇಳಿದ.

ಎಂಟನೇ ಬೀದಿಯ ಫುಟ್‌ಪಾತಿನಲ್ಲಿ ಅಪ್ಪನಿಗೆ ಒಂದು ವಿಷಯ ಹೇಳಿದೆ. ಈ ಕಲ್ಲುಗಳ ಕೆಳಗೆ ಪೈಪುಗಳಿವೆ, ಚಳಿಗಾಲದಲ್ಲಿ ಅದರಲ್ಲಿ ಬಿಸಿನೀರು ಹರಿಯುತ್ತದೆ, ಬಿದ್ದ ಹಿಮ ಹಾಗೇ ಕರಗುತ್ತದೆ. ವಿದ್ಯುತ್ ಸ್ಥಾವರದಲ್ಲಿ ಸುಮ್ನೆ ಹಾಳಾಗುತ್ತಿದ್ದ ಬಿಸಿಯನ್ನೇ 1988ರಿಂದ ಹೀಗೆ ಬಳಸಿಕೊಂಡಿದ್ದಾರೆ. ಅಪ್ಪ ನಿಂತುಬಿಟ್ಟರು.

"ಇಂಜಿನ್ ನೀರು!" ಅಂದರು. "ನಾವು ಸ್ನಾನ ಮಾಡ್ತಿರಲಿಲ್ವೇನಮ್ಮ?"

ಹೌದು, ಮಾಡುತ್ತಿದ್ದೆವು. ತಿಪಟೂರಿನ ಹತ್ತಿರದ ನಮ್ಮ ಊರಲ್ಲಿ ಅಪ್ಪ ಹಿಟ್ಟಿನ ಮಿಲ್ಲು ಇಟ್ಟಿದ್ದರು. ಮೊದಲು ಡೀಸೆಲ್ ಇಂಜಿನ್. ಅದನ್ನು ತಣ್ಣಗಿಡುವ ನೀರು ತೊಟ್ಟಿಗೆ ಬರುವಷ್ಟರಲ್ಲಿ ಸುಡುತ್ತಿರುತ್ತಿತ್ತು. ಭಾನುವಾರ ನಮಗೆಲ್ಲ ಅದರಲ್ಲೇ ಎಣ್ಣೆಸ್ನಾನ. ಆಮೇಲೆ ಮೋಟಾರು ಬಂತು, ಬಿಸಿನೀರು ಹೋಯಿತು, ಕರೆಂಟಿನ ಕಾಟ ಶುರುವಾಯಿತು. ಅಪ್ಪ ಬಗ್ಗಿ ಫುಟ್‌ಪಾತಿನ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿದರು. ಮೇ ತಿಂಗಳು, ತಣ್ಣಗೇ ಇತ್ತು.

ಅಲ್ಲಿಂದ ವಿಂಡ್‌ಮಿಲ್ ದ್ವೀಪಕ್ಕೆ ಹೋದೆವು. ಚಿತ್ರದುರ್ಗದ ಗುಡ್ಡದ ಮೇಲಿರುವ ಫ್ಯಾನುಗಳ ಹಾಗೆ ಇದೂ ಇನ್ನೊಂದು ಅಂತ ಅಪ್ಪ ಅಂದುಕೊಂಡಿದ್ದರಂತೆ. ಇದರ ಹೆಸರು ಡಿ ಜ್ವಾನ್, ಹಂಸ ಅಂತ ಅರ್ಥ. ನೆದರ್‌ಲ್ಯಾಂಡ್ಸ್‌ನಲ್ಲಿ ಎರಡನೇ ಮಹಾಯುದ್ಧದಲ್ಲಿ ಎಷ್ಟೋ ಗಾಳಿಗಿರಣಿಗಳು ಹಾಳಾಗಿ, ಉಳಿದವನ್ನು ದೇಶದಿಂದ ಹೊರಗೆ ಸಾಗಿಸಬಾರದು ಅಂತ ಮಾಡಿದ್ದರು. ಇದೊಂದಕ್ಕೆ ಮಾತ್ರ ಅನುಮತಿ ಕೊಟ್ಟರು. 1964ರಲ್ಲಿ ಬಿಚ್ಚಿ, ಹಡಗಿಗೆ ಹಾಕಿ, ಇಲ್ಲಿಗೆ ತಂದು ಮತ್ತೆ ಜೋಡಿಸಿದರು.

ಕಡಿದಾದ ಮರದ ಮೆಟ್ಟಿಲು. ಎಪ್ಪತ್ತೊಂದು ವರ್ಷದ ಮಂಡಿ. "ಕೆಳಗೇ ಇರಿ ಅಪ್ಪ" ಅಂದೆ. ಅವರು ಆಗಲೇ ಮೂಗು ಮೇಲೆತ್ತಿದ್ದರು. ನನಗೂ ಬಂತು ಆ ವಾಸನೆ. ಆಗಷ್ಟೇ ಬೀಸಿದ ಗೋಧಿ. ಅಪ್ಪ ನನಗಿಂತ ಮುಂಚೆ ಹತ್ತಿದರು.

ಅವತ್ತು ಸರೋವರದ ಕಡೆಯಿಂದ ಗಾಳಿ ಚೆನ್ನಾಗಿತ್ತು. ಗಿರಣಿಗೆ ಸುತ್ತಲೂ ಮರದ ಜಗಲಿ. ಅಲ್ಲಿ ನಿಂತರೆ ರೆಕ್ಕೆಗಳು ಎದುರಿಗೇ ಭರ್ ಭರ್ ಅಂತ ಕೆಳಗಿಳಿದು ಮೇಲೆ ಹೋಗುತ್ತವೆ. ಒಳಗೆ ಮರದ ಹಲ್ಲುಗಳ ದೊಡ್ಡ ಚಕ್ರ, ಕೆಳಗೆ ಕಲ್ಲು. ಬಿಳಿ ಟೋಪಿ, ಉದ್ದ ಲಂಗ ತೊಟ್ಟಿದ್ದ ಗೈಡ್ ಹುಡುಗಿ ವಿವರಿಸುತ್ತಿದ್ದಳು. ಗಾಳಿ ದಿಕ್ಕು ಬದಲಿಸಿದರೆ ಗಿರಣಿಯ ತಲೆಯನ್ನೇ ಆ ಕಡೆ ತಿರುಗಿಸುತ್ತಾರೆ. ಗಾಳಿ ಕಮ್ಮಿ ಇದ್ದರೆ ರೆಕ್ಕೆಗೆ ಕ್ಯಾನ್ವಾಸ್ ಬಟ್ಟೆ ಬಿಡಿಸಿ ಕಟ್ಟುತ್ತಾರೆ.

ಅಪ್ಪ ಗುಂಪಿನ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದರು. ಅಲ್ಲಿ ಬೋಗುಣಿಯಲ್ಲಿ ಒಂದಿಷ್ಟು ಹಿಟ್ಟು ಇಟ್ಟಿದ್ದರು. ಚಿಟಿಕೆ ತೆಗೆದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದರು. ಆಮೇಲೆ ಅಂಗೈ ಮೇಲೆ ಹಾಕಿಕೊಂಡು ಮುಚ್ಚಿ ಹಿಡಿದರು, ಜ್ವರ ನೋಡುವ ಹಾಗೆ.

"ಬಿಸಿಯಾಗಿಲ್ಲ ಕಣಮ್ಮ. ನಿಧಾನಕ್ಕೆ ಬೀಸಿದಾರೆ. ಕೇಳು ಅವಳನ್ನ, ಕಲ್ಲು ಎಷ್ಟು ದಿನಕ್ಕೊಂದ್ಸಲ ಕುಟ್ಟಿಸ್ತಾರೆ ಅಂತ."

ಕಲ್ಲು ಕುಟ್ಟಿಸುವುದಕ್ಕೆ ಇಂಗ್ಲಿಷಿನಲ್ಲಿ ಏನಂತಾರೋ! ಕೈಯಲ್ಲಿ ಉಳಿ ಸುತ್ತಿಗೆ ಹಿಡಿದ ಹಾಗೆ ಅಭಿನಯ ಮಾಡಿ ತೋರಿಸಿದೆ. ಹುಡುಗಿಗೆ ಅರ್ಥವಾಯಿತು. ಸವೆದ ಗೀರುಗಳನ್ನು ಇವರೂ ಕೈಯಲ್ಲೇ ಕುಟ್ಟುತ್ತಾರಂತೆ. ಆಮೇಲೆ ಅಪ್ಪನ ಪ್ರಶ್ನೆಗಳು ನಿಲ್ಲಲೇ ಇಲ್ಲ. ಮೆಣಸಿನಪುಡಿ ಮಾಡಿಕೊಡ್ತಾರಾ? ಕಲ್ಲಿಗೆ ಕಲ್ಲು ತಾಗಿ ಕಿಡಿ ಬಂದರೆ ಮರಕ್ಕೆ ಬೆಂಕಿ ಹತ್ತಲ್ವಾ? ಹಿಂದೆ ನಿಂತಿದ್ದವರು ಗಡಿಯಾರ ನೋಡಿಕೊಳ್ಳಲು ಶುರು ಮಾಡಿದರು. ನನಗೆ ನಾಚಿಕೆ. ಅಪ್ಪನಿಗೆ ಇಲ್ಲ.

"ಗಾಳಿ ಇಲ್ದಿದ್ರೆ ಏನ್ಮಾಡ್ತೀರಿ ಅಂತ ಕೇಳು."

ಕೇಳಿದೆ. ಹುಡುಗಿ ನಕ್ಕು, ಕಾಯುತ್ತೇವೆ ಅಂದಳು.

ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಅಪ್ಪ ನಕ್ಕಿದ್ದು ನೋಡಬೇಕಿತ್ತು. ಕೆಮ್ಮು ಬರುವವರೆಗೂ ನಕ್ಕರು. ನಮ್ಮ ಮಿಲ್ಲಿನ ಮುಂದೆ ರಾಗಿಯ ಡಬ್ಬಗಳು ಸಾಲಾಗಿ ಕೂತಿರುತ್ತಿದ್ದವು. ಜನ ಎಲೆ ಅಡಿಕೆ ಹಾಕಿಕೊಂಡು ಕಟ್ಟೆ ಮೇಲೆ ಕರೆಂಟಿಗೆ ಕಾಯುವುದು. ಬಂದ ತಕ್ಷಣ ಅಪ್ಪ ಸ್ವಿಚ್ ಒತ್ತುವುದು, ಎರಡು ಡಬ್ಬ ಮುಗಿಯುವಷ್ಟರಲ್ಲಿ ಮತ್ತೆ ಹೋಗುವುದು. ಆ ಸಿಟ್ಟಿನಲ್ಲಿ ಬೈಸಿಕೊಂಡಿದ್ದು ಎಷ್ಟೋ ಸಲ ನಾವು ಮಕ್ಕಳು.

ಕೆಳಗೆ ಅಂಗಡಿಯಲ್ಲಿ ಅದೇ ಗಿರಣಿಯ ಹಿಟ್ಟು ಮಾರುತ್ತಿದ್ದರು. ಅಪ್ಪ ಬೆಲೆ ನೋಡಿದರು, ರೂಪಾಯಿಗೆ ಲೆಕ್ಕ ಹಾಕಿದರು, ಬಾಯಲ್ಲಿ ಏನೋ ಗೊಣಗಿದರು, ಆದರೂ ಎರಡು ಚೀಲ ತೆಗೆದುಕೊಂಡರು.

ಸಂಜೆ ಬೀಚಿಗೆ ಹೋದೆವು. ಮಿಶಿಗನ್ ಸರೋವರದ ಉದ್ದ ಹತ್ತಿರ ಹತ್ತಿರ 490 ಕಿ.ಮೀ., ಬೆಂಗಳೂರಿಂದ ಬೆಳಗಾವಿಗೆ ಹೋದಷ್ಟು. ಆಚೆ ದಡ ಕಾಣುವುದಿಲ್ಲ. ಅಲೆ ಇದೆ, ಮರಳಿದೆ, ಉಪ್ಪು ಮಾತ್ರ ಇಲ್ಲ. ಕಾಲುವೆಯ ಆಚೆ ಬದಿಗೆ 'ಬಿಗ್ ರೆಡ್' ದೀಪಸ್ತಂಭ, ಹೆಸರಿಗೆ ತಕ್ಕಂತೆ ಕೆಂಪೋ ಕೆಂಪು. ಜುಲೈ ಬಂದರೆ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೇ ತಿಂಗಳಲ್ಲಿ ನೀರು ಐಸ್. ಬೇಸಿಗೆ ಅಂತ ಹೇಳಿ ಸ್ವೆಟರ್ ಬೇಡ ಅಂದವಳು ನಾನೇ. ಅಪ್ಪ ನನ್ನ ಗಂಡನ ಹೂಡಿ ಹಾಕಿಕೊಂಡು, ತಲೆಗೆ ಟವಲ್ ಸುತ್ತಿಕೊಂಡು, ಕೆಂಪು ದೀಪಸ್ತಂಭಕ್ಕೆ ಬೆನ್ನು ಹಾಕಿ ಕೂತರು. ಕಲ್ಲಿನ ಬಗ್ಗೆಯೇ ಮಾತು. ಸೂರ್ಯ ಮುಳುಗಿದ್ದು ಒಂಬತ್ತು ಗಂಟೆ ಹತ್ತಿರಕ್ಕೆ, ಅದನ್ನು ನಾನು ಮತ್ತು ನನ್ನ ಮಗ ನೋಡಿದೆವು.

ಮಾರನೆಯ ದಿನ ಚಪಾತಿ ಮಾಡಿದೆ. ಅಂಚು ಬಿರಿಯಿತು, ಸ್ವಲ್ಪ ದಪ್ಪವೂ ಆಯಿತು. ಅಪ್ಪ ಮೂರು ತಿಂದು, "ಗೋಧಿ ನಮ್ದಲ್ಲ, ಬೀಸಿದ್ದು ಸರಿಯಾಗಿದೆ" ಅಂದರು. ಆಮೇಲೆ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಜೊತೆಗಿದ್ದ ಆಳಿಗೆ ವಿಡಿಯೋ ಕಾಲ್ ಮಾಡಿಸಿದರು. ಅಲ್ಲಿ ರಾತ್ರಿ ಹತ್ತೂವರೆ. ಅಪ್ಪ ಹಿಟ್ಟನ್ನು ಅಂಗೈಯಲ್ಲಿ ಹಿಡಿದು ಫೋನಿಗೆ ತೀರಾ ಹತ್ತಿರ ತಂದು ಕೂಗಿದರು:

"ಮೂಸು ನೋಡೋ!"

ಪರದೆ ತುಂಬ ಹಿಟ್ಟು. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಉಸಿರು ಎಳೆದುಕೊಂಡ ಶಬ್ದ ಕೇಳಿಸಿತು.