ಐನೂರು ಉಂಗುರ

"ಎಂ.ಎಸ್ಸಿ. ಫಿಸಿಕ್ಸ್ ಪದವಿಗೆ ಏನೇನು ಬೇಕು ಅಂತ ಒಂದೆರಡು ಪುಟ ಬರೆದುಕೊಡಿ ಸರ್, ಹುಡುಗರಿಗೆ ಉಪಯೋಗ ಆಗುತ್ತದೆ" ಎಂದು ಸಂಚಿಕೆಯ ಸಂಪಾದಕರು ಫೋನ್ ಮಾಡಿದ್ದರು. ಹೂಂ ಅಂದೆ. ಅದಾಗಿ ಎಂಟು ದಿನಕ್ಕೆ ನಮಗೆ ಆಪ್ಟಿಕ್ಸ್ ಕಲಿಸಿದ ಸರ್ ತೀರಿಕೊಂಡ ಸುದ್ದಿ ಬಂತು. ಈಗ ಬರೆಯಲು ಕೂತರೆ ಸಿಲಬಸ್ ಬದಲು ಸರ್ ಅವರ ಕರಿ ಛತ್ರಿಯೇ ಕಣ್ಣ ಮುಂದೆ ಬರುತ್ತಿದೆ.

ಇರಲಿ, ಕೇಳಿದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್ ಇರಬೇಕು, ಜೊತೆಗೆ ಗಣಿತವೂ ಇರಬೇಕು. ಓದು ಎರಡು ವರ್ಷ, ಈಗಿನ ಲೆಕ್ಕದಲ್ಲಿ ನಾಲ್ಕು ಸೆಮಿಸ್ಟರ್. ಕ್ಲಾಸಿಕಲ್ ಮೆಕ್ಯಾನಿಕ್ಸ್, ಕ್ವಾಂಟಂ ಮೆಕ್ಯಾನಿಕ್ಸ್, ಎಲೆಕ್ಟ್ರೋಡೈನಮಿಕ್ಸ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಯಾರಿಗೂ ತಪ್ಪಿದ್ದಲ್ಲ. ನ್ಯೂಕ್ಲಿಯರ್, ಸಾಲಿಡ್ ಸ್ಟೇಟ್, ಸ್ಪೆಕ್ಟ್ರೋಸ್ಕೋಪಿ ಇಂಥವುಗಳಲ್ಲಿ ಒಂದನ್ನು ಹಿಡಿದು ಆಳಕ್ಕೆ ಇಳಿಯಬೇಕು. ಪ್ರಾಕ್ಟಿಕಲ್, ವೈವಾ, ಪ್ರಾಜೆಕ್ಟ್ ಆಗಬೇಕು. ಆಮೇಲೆ ಕಾಲೇಜಿನಲ್ಲಿ ಕಲಿಸುವ ಆಸೆ ಇದ್ದರೆ ಸಾಮಾನ್ಯವಾಗಿ ಶೇ. 55 ಅಂಕ ಬೇಕು, ಮೇಲೆ ನೆಟ್ ಅಥವಾ ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ಅಮೆರಿಕದಲ್ಲಿ ಓದುವ ನನ್ನ ತಂಗಿಯ ಮಗಳು ಹೇಳುವಂತೆ ಅಲ್ಲಿ ಬಹಳ ಕಡೆ 30 ಕ್ರೆಡಿಟ್ ಮುಗಿಸಬೇಕಂತೆ. ಥೀಸಿಸ್ ಬರೆಯಬೇಕು, ಬೇಡವಾದರೆ ಒಂದು ದೊಡ್ಡ ಪರೀಕ್ಷೆ ಕೊಡಬೇಕು. ಇಷ್ಟೇ. ಸಂಪಾದಕರು ಇಲ್ಲಿಗೆ ಕತ್ತರಿಸಿದರೂ ನನ್ನ ತಕರಾರಿಲ್ಲ.

ನಮ್ಮ ಕಾಲಕ್ಕೆ ಇದ್ದ ಒಂದು ಷರತ್ತನ್ನು ಮಾತ್ರ ನಾನು ಮರೆತಿಲ್ಲ. ಮಾಡಿದ ಪ್ರಯೋಗಗಳನ್ನು ಬರೆದಿಡುವ ಜರ್ನಲ್ ಮೇಲೆ ಸಹಿ ಆಗದೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ. ಸಹಿ ಮಾಡುವವರು ಈ ಸರ್.

ನಾನು ರೋಣದ ಕಡೆಯವನು. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆ ನನಗೆ ಹೊಸದು. ಯೂನಿವರ್ಸಿಟಿ ಇರುವ ಛೋಟಾ ಮಹಾಬಳೇಶ್ವರದ ಗುಡ್ಡ ಹತ್ತುವಷ್ಟರಲ್ಲಿ ಪಾಯಿಜಾಮಾ ಮೊಣಕಾಲ ತನಕ ಒದ್ದೆ. ಸರ್ ಮಾತ್ರ ಛತ್ರಿ ಮಡಚಿ ಒಳಗೆ ಬಂದರೆ ಧೋತರದ ಮೇಲೆ ಒಂದು ಹನಿ ಇರುತ್ತಿರಲಿಲ್ಲ. ಹೇಗೆ ಅಂತ ನಾವು ಎರಡು ವರ್ಷ ತಲೆ ಕೆಡಿಸಿಕೊಂಡೆವು. ಅವರು ಪಾಠದಲ್ಲಿ ನೋಟ್ಸ್ ಕೊಡುತ್ತಿರಲಿಲ್ಲ. ಬೋರ್ಡಿನ ಎಡ ಮೂಲೆಯಲ್ಲಿ ಶುರು ಮಾಡಿ ಬಲ ಮೂಲೆಯಲ್ಲಿ ಮುಗಿಸುತ್ತಿದ್ದರು, ಗಂಟೆ ಹೊಡೆಯುತ್ತಿತ್ತು. ಏನು ಕಲಿಸಿದರೋ ಅರ್ಧಕ್ಕಿಂತ ಜಾಸ್ತಿ ಮರೆತಿದೆ. ಆ ಅಕ್ಷರ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆಗ ನಮ್ಮ ಪಾಲಿಗೆ ಮೈಕೆಲ್ಸನ್ ಇಂಟರ್‌ಫೆರೋಮೀಟರ್ ಪ್ರಯೋಗ ಬಂತು. 1907ರಲ್ಲಿ ನೊಬೆಲ್ ಪಡೆದ ಮೈಕೆಲ್ಸನ್ ಅವರ ಉಪಕರಣ. ಸೋಡಿಯಂ ದೀಪದ ಬೆಳಕನ್ನು ಎರಡು ಪಾಲು ಮಾಡಿ, ಎರಡು ಕನ್ನಡಿಗೆ ಬಡಿಸಿ, ಮತ್ತೆ ಕೂಡಿಸಿದರೆ ಹಳದಿ ಉಂಗುರಗಳು ಕಾಣುತ್ತವೆ. ಒಂದು ಕನ್ನಡಿಯನ್ನು ಮೆಲ್ಲಗೆ ಸರಿಸಿದರೆ ನಡುವಿನಿಂದ ಒಂದೊಂದೇ ಉಂಗುರ ಹುಟ್ಟುತ್ತದೆ. ನೂರು ಉಂಗುರ ಎಣಿಸುವಾಗ ಕನ್ನಡಿ ಸರಿಯುವುದು 0.03 ಮಿಲಿಮೀಟರಿಗೂ ಕಡಿಮೆ. ಕೂದಲೆಳೆಯಷ್ಟೂ ಅಲ್ಲ. ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ಉಂಗುರ ನಡುಗುತ್ತವೆ, ಎಣಿಕೆ ತಪ್ಪುತ್ತದೆ. ಹೀಗೆ ಐದು ನೂರು ಎಣಿಸಿ, ಪ್ರತಿ ನೂರಕ್ಕೆ ಕನ್ನಡಿ ಸರಿದ ದೂರದಿಂದ ಆ ಬೆಳಕಿನ ತರಂಗಾಂತರ, ಅಂದರೆ ಒಂದು ಅಲೆಯ ಉದ್ದ, ಲೆಕ್ಕ ಹಾಕಬೇಕು.

ನನ್ನ ಜೊತೆಗಾರ ಬ್ಯಾಡಗಿ ಕಡೆಯವನು. ಎರಡು ಸಲ ತಪ್ಪಿದ ಮೇಲೆ "ಏ, ಯಾರ್ ಎಣಸ್ತಾರಲೇ" ಅಂದ. ಖಾನಾವಳಿಯಲ್ಲಿ ಸಿಕ್ಕ ಸೀನಿಯರ್ ಒಬ್ಬರ ಜರ್ನಲ್ ತಂದೆವು. ಅಂಕಿಗಳನ್ನು ಅಲ್ಲೊಂದು ಇಲ್ಲೊಂದು ಚೂರು ತಿದ್ದಿ ಬರೆದೆವು. ಉತ್ತರ ಬರೋಬ್ಬರಿ 589.3 ನ್ಯಾನೋಮೀಟರ್, ಪುಸ್ತಕದಲ್ಲಿ ಇದ್ದ ಹಾಗೆಯೇ. ಆ ಖುಷಿಗೆ ಲೈನ್ ಬಜಾರಿಗೆ ಹೋಗಿ ಪೇಡೆ ತಿಂದು ಬಂದೆವು.

ಸರ್ ಜರ್ನಲ್ ನೋಡಿದರು. ಬಹಳ ಹೊತ್ತು ನೋಡಿದರು.

"ಭಾಳ ಚಂದ ಬಂದದ. ಸನ್ನೆಯ ಲೆಕ್ಕ ಎಷ್ಟು ಹಿಡದೀರಿ?"

"ಐದು, ಸರ್."

ಸ್ಕ್ರೂ ಐದು ಪಾಲು ಸರಿದರೆ ಕನ್ನಡಿ ಒಂದು ಪಾಲು ಸರಿಯುವಂತೆ ಒಳಗೊಂದು ಸನ್ನೆ ಇರುತ್ತದೆ. ಅದನ್ನೇ ಅವರು ಕೇಳಿದ್ದು.

"ದೀಪಾವಳಿ ಸೂಟಿಯೊಳಗ ನಾನ ಅದನ್ನ ಬಿಚ್ಚಿ ಕೂಡಿಸೀನಿ. ಈಗ ಐದೂವರಿ ಆಗೇದ."

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ರಸ್ತೆದಾಗ ಗಾಡಿ ಶುರು ಆಗೂ ಮುಂಚೆ ಬರ್ರಿ. ಮುಂಜಾನೆ ಐದಕ್ಕ" ಅಂದು ಜರ್ನಲ್ ವಾಪಸ್ ಕೊಟ್ಟರು.

ಚಳಿಯಲ್ಲಿ ಕಂಬಳಿ ಹೊದ್ದು ಹೋದೆವು. ನಮಗಿಂತ ಮೊದಲೇ ಸರ್ ಬಂದು ದೀಪ ಹಚ್ಚಿಟ್ಟಿದ್ದರು, ಥರ್ಮಾಸಿನಲ್ಲಿ ಚಹಾ ಇತ್ತು. ಗೆಳೆಯ ಎಣಿಸಿದ, ನಾನು ರೀಡಿಂಗ್ ಬರೆದುಕೊಂಡೆ. ಮುಗಿದ ಮೇಲೆ ಸರ್ ನಮ್ಮನ್ನು ಕೂರಿಸಿ ಸ್ಕ್ರೂ ಇನ್ನೂ ತಿರುಗಿಸುತ್ತಾ ಹೋದರು. ಉಂಗುರಗಳು ಮಸುಕಾದವು, ಪೂರ್ತಿ ಮಾಯವಾದವು. ತಿರುಗಿಸುತ್ತಲೇ ಇದ್ದರು, ಮತ್ತೆ ಮೂಡಿದವು. ಸೋಡಿಯಂನ ಹಳದಿ ಒಂದಲ್ಲ, ಎರಡು, 589.0 ಮತ್ತು 589.6. ಒಂದರ ಉಂಗುರ ಇನ್ನೊಂದರ ಸಂದಿಯಲ್ಲಿ ಬಂದು ಕೂತಾಗ ಏನೂ ಕಾಣುವುದಿಲ್ಲ. ಕನ್ನಡಿ ಸರಿದ ಪ್ರತಿ 0.29 ಮಿಲಿಮೀಟರಿಗೆ ಹೀಗಾಗುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಬೆಳಕಿಗೆ ಬೆಳಕು ಕೂಡಿ ಕತ್ತಲಾದದ್ದನ್ನು ಕಣ್ಣಾರೆ ಕಂಡದ್ದು ಅವತ್ತೇ.

ಐದೂ ನೂರರ ಸರಾಸರಿ ತೆಗೆದರೆ ನಮ್ಮ ಉತ್ತರ 602 ಬಂತು. "ಹೆಚ್ಚುಕಡಿಮೆ ಎಷ್ಟು ಅಂತ ಪಕ್ಕಕ್ಕ ಬರೀರಿ" ಅಂದರು. 13 ಅಂತ ಬರೆದೆವು. ಕೆಂಪು ಶಾಯಿಯಲ್ಲಿ ಸಹಿ ಬಿತ್ತು.

ಮುಂದೆ ನನಗೆ ಫಸ್ಟ್ ಕ್ಲಾಸ್ ಬಂತು. ಮೂವತ್ತೊಂದು ವರ್ಷ ಕಲಿಸಿದೆ. ಗದಗ, ಹಾವೇರಿ ಕಡೆ ನನ್ನ ವಿದ್ಯಾರ್ಥಿಗಳು ಇಲ್ಲದ ಕಾಲೇಜು ಕಡಿಮೆ. ಇದು ಜಂಬ ಅಲ್ಲ, ಎಣಿಸಿ ನೋಡಿದ್ದೇನೆ. ಸರ್ ಅವರನ್ನು ನೋಡಿ ನಾನೂ ಜರ್ನಲ್ ವಾಪಸ್ ಕೊಡುತ್ತಿದ್ದೆ, ಹುಡುಗರು ಬೈದುಕೊಳ್ಳುತ್ತಿದ್ದರು. ಈಗ ಇದೇ ಪ್ರಯೋಗವನ್ನು ಫೋನಿನಲ್ಲಿ ಮಾಡಬಹುದಂತೆ. ಮೊಮ್ಮಗ ಮಾಡಿ ತೋರಿಸಿದ. ಬೆರಳು ಆಡಿಸಿದರೆ ಉಂಗುರ ಬರುತ್ತವೆ, ಎಣಿಸುವ ಕೆಲಸವೂ ಅದರದ್ದೇ. ಚಂದವೇ ಇದೆ, ಇಲ್ಲ ಅನ್ನುವುದಿಲ್ಲ. ಕೆಮ್ಮಿ ನೋಡಿದೆ. ಉಂಗುರ ಅಲುಗಲಿಲ್ಲ.

ಸರ್ ಅವರ ತಿಥಿ ಊಟಕ್ಕೆ ಸಪ್ತಾಪುರದ ಮನೆಗೆ ಹೋದಾಗ ಗೆಳೆಯನೂ ಬಂದಿದ್ದ. ಈಗ ಅವನದು ಮೆಣಸಿನಕಾಯಿ ಬೇಸಾಯ. ಕೈ ತೊಳೆಯುವಾಗ ಮೆಲ್ಲಗೆ ಕೇಳಿದ, "ಐದನೇ ನೂರು ನೆನಪೈತೇನು?"

ನೆನಪಿತ್ತು. ಹೊರಗೆ ಲಾರಿಯೊಂದು ಹಾದು ಉಂಗುರಗಳೆಲ್ಲ ಕುಣಿದಿದ್ದವು. ಅವನು ಸ್ಕ್ರೂ ಬಿಡದೆ ತಿರುಗಿಸಿ, ಕಡೆಗೆ "ನೂರು" ಅಂದಿದ್ದ. ರೀಡಿಂಗ್ ದೊಡ್ಡದು ಅನಿಸಿದರೂ ನಾನು ಸುಮ್ನೆ ಬರೆದುಕೊಂಡಿದ್ದೆ.

"ಬಸ್ಸಿನ್ಯಾಗ 602ರಿಂದ ಹಿಂದಕ್ಕ ಲೆಕ್ಕ ಹಾಕ್ದೆ. ಹನ್ನೊಂದು ಉಂಗುರ ಎಣಸದ ಬಿಟ್ಟೀನಿ" ಅಂದ. "ಸರ್‌ಗೆ ಹೇಳಬೇಕಿತ್ತಲೇ."

ಮನೆಗೆ ಬಂದು ಅಟ್ಟದಿಂದ ಜರ್ನಲ್ ಇಳಿಸಿದೆ. ಕೆಂಪು ಸಹಿ ಇನ್ನೂ ಮಾಸಿಲ್ಲ. ಮೊದಲ ನಾಲ್ಕು ಸಾಲು 589ರ ಆಸುಪಾಸು ಇವೆ. ಐದನೆಯದು 655. ಅದರ ಪಕ್ಕದಲ್ಲಿ ಪೆನ್ಸಿಲಿನ ಒಂದು ಸಣ್ಣ ಚುಕ್ಕೆ ಇದೆ. ಅದು ನಾನು ಇಟ್ಟದ್ದಲ್ಲ.